"ಪಾಸಾದ ಮೇಲೆ ಹಾಡ್ತೀನಿ": ಬ್ಯಾಂಕ್ ಅಧಿಕಾರಿಯೊಬ್ಬರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

34 ವರ್ಷದ ಮಹಿಳೆ, ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಸ್ಕೇಲ್ 1 ಅಧಿಕಾರಿ, ಅಂದರೆ ಅಧಿಕಾರಿ ಶ್ರೇಣಿಯ ಮೊದಲ ಮೆಟ್ಟಿಲು. ಶಾಖೆಯಲ್ಲಿ ಸಾಲ ವಿಭಾಗ ನೋಡಿಕೊಳ್ಳುತ್ತಾರೆ. ಮಲೆನಾಡಿನ ಪಟ್ಟಣವೊಂದರಲ್ಲಿ ಮನೆ. ಗಂಡ ಹೈಸ್ಕೂಲ್ ಮೇಷ್ಟ್ರು, ಮಗಳು ಒಂದನೇ ಕ್ಲಾಸು, ಜೊತೆಯಲ್ಲಿ ಅತ್ತೆ. ಅವರು ಹೇಳಿಕೊಂಡ ತೊಂದರೆ ಇದು: "ಓದೋಕೆ ಕೂತ್ರೆ ತಲೆಗೆ ಹತ್ತಲ್ಲ. ಓದದೆ ಇದ್ರೆ ಸಮಾಧಾನ ಇಲ್ಲ."

ಓದು ಎಂದರೆ ಸಿಎಐಐಬಿ, ಬ್ಯಾಂಕ್ ನೌಕರರ ವೃತ್ತಿ ಪರೀಕ್ಷೆ. ಬಡ್ತಿಯ ಆಸೆಯಿಂದ ಕಟ್ಟುತ್ತಿದ್ದರು. ನಾಲ್ಕು ಕಡ್ಡಾಯ ವಿಷಯ, ಒಂದು ಐಚ್ಛಿಕ. ಹಿಂದಿನ ಸಲ ಐದಕ್ಕೂ ಕಟ್ಟಿ ಎರಡರಲ್ಲಿ ಮಾತ್ರ ಪಾಸಾಗಿದ್ದರು. ಹೈಸ್ಕೂಲಿನಿಂದಲೇ ಗಮಕ ಕಲಿತವರು, ಭಾಮಿನಿ ಷಟ್ಪದಿಯ ಪದ್ಯಗಳನ್ನು ರಾಗಕ್ಕೆ ಹಚ್ಚಿ ವಾಚನ ಮಾಡುತ್ತಿದ್ದವರು. ಅದು ನಿಂತು ನಾಲ್ಕು ವರ್ಷವಾಗಿತ್ತು. ಕೇಳಿದರೆ, "ಪಾಸಾದ ಮೇಲೆ ಹಾಡ್ತೀನಿ" ಎಂದರು.

ಮೊದಲ ಭೇಟಿಯಲ್ಲಿ ಬದುಕಿನ ಸಮತೋಲನದ ಮಾತಿಗೇ ಹೋಗಲಿಲ್ಲ. ಖಿನ್ನತೆ ಇದೆಯೇ ಎಂದು ನೋಡಲು ಹಿಂದಿನ ಎರಡು ವಾರದ ಬಗ್ಗೆ ಕೇಳುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿ ಕೊಟ್ಟೆವು. ಅಂಕ 8 ಬಂತು, ಅಂದರೆ ಸೌಮ್ಯ ಮಟ್ಟ. ಬದುಕು ಬೇಡವೆನಿಸುವ ಬಗೆಗಿನ ಪ್ರಶ್ನೆಗೆ ಸೊನ್ನೆ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ ಬನ್ನಿ ಎಂದು ವೈದ್ಯರ ಬಳಿ ಕಳಿಸಿದೆವು. ಥೈರಾಯ್ಡ್ ಸರಿಯಾಗಿತ್ತು, ಹಿಮೋಗ್ಲೋಬಿನ್ 10.4 ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ದಣಿವನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆಯುವುದು ಆಪ್ತಸಲಹೆಯಲ್ಲಿ ಪದೇ ಪದೇ ಆಗುವ ತಪ್ಪು. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇವೆ.

ಆಮೇಲೆ ಏಳು ದಿನದ ದಿನಚರಿ ಬರೆಸಿದೆವು. ಅರ್ಧರ್ಧ ಗಂಟೆಗೆ ಒಂದು ಗೆರೆ. ಏನು ಮಾಡಿದಿರಿ, ಎಷ್ಟು ಖುಷಿ ಆಯಿತು, ಏನಾದರೂ ಮಾಡಿ ಮುಗಿಸಿದ ತೃಪ್ತಿ ಎಷ್ಟು, ಎರಡಕ್ಕೂ 0ರಿಂದ 10ರೊಳಗೆ ಒಂದು ಅಂಕ. ರಾತ್ರಿ ಕೂತು ಇಡೀ ದಿನದ್ದನ್ನು ನೆನೆಸಿಕೊಂಡು ಬರೆದರೆ ಈ ಪಟ್ಟಿ ಸುಳ್ಳಾಗುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚೆ, ಸಂಜೆ ಬ್ಯಾಂಕ್ ಬಿಡುವಾಗ, ಮಲಗುವ ಮುಂಚೆ, ಹೀಗೆ ಮೂರು ಸಲ ತುಂಬಬೇಕು.

ಬಂದ ಲೆಕ್ಕ ಹೀಗಿತ್ತು. ಬ್ಯಾಂಕಿನಲ್ಲಿ 55 ಗಂಟೆ. ಅದರಲ್ಲಿ 5 ಗಂಟೆ, 2015ರ ಸೆಪ್ಟೆಂಬರಿನಿಂದ ರಜೆಯಾಗಿರುವ ಎರಡನೇ ಶನಿವಾರದ್ದು. ಓದಿಗೆ ಇಟ್ಟುಕೊಂಡ ಗುರಿ 21 ಗಂಟೆ. ಪುಸ್ತಕದ ಮುಂದೆ ಕೂತದ್ದು 13. ಅಡುಗೆಮನೆಯ ಕರೆ, ಫೋನಿನ ಸದ್ದು ಇಲ್ಲದೆ ಓದಿದ್ದು ಏಳೂವರೆ. ರಾತ್ರಿ ಹತ್ತೂವರೆಯ ಮೇಲೆ ಫೋನಿನಲ್ಲಿ ರೀಲ್ಸ್ ನೋಡಿದ್ದು 11 ಗಂಟೆ, ಅದಕ್ಕೆ ಅವರೇ ಕೊಟ್ಟ ಖುಷಿಯ ಅಂಕ 2. ನಿದ್ದೆ ದಿನಕ್ಕೆ ಸರಾಸರಿ 5 ಗಂಟೆ 20 ನಿಮಿಷ. ವಾರದಲ್ಲೇ ಅತಿ ಹೆಚ್ಚು ಅಂಕ, 8, ಬಿದ್ದದ್ದು ಮಗಳ ಕೈ ಹಿಡಿದು ಕೊತ್ತಂಬರಿ ಸೊಪ್ಪು ತರಲು ಹೋದ ಇಪ್ಪತ್ತು ನಿಮಿಷಕ್ಕೆ.

ಸಂತೋಷಕ್ಕೆ ಸಮಯವಿಲ್ಲ ಎನ್ನುವವರ ಪಟ್ಟಿಯಲ್ಲಿ 11 ಗಂಟೆ ಹೀಗೆ ಸೋರಿಹೋಗುವುದು ಅಪರೂಪವಲ್ಲ. ಅದನ್ನು ಸೋಮಾರಿತನ ಎಂದು ಬೈಯುವುದು ತಪ್ಪು. ಕೆಲಸದ ದಣಿವಿನಿಂದ ಚೇತರಿಸಿಕೊಳ್ಳಲು ನಾಲ್ಕು ಅನುಭವ ಬೇಕೆಂದು ಮನಶ್ಶಾಸ್ತ್ರಜ್ಞೆಯರಾದ ಸಬೀನೆ ಸೊನ್ನೆನ್‌ಟಾಗ್ ಮತ್ತು ಶಾರ್ಲೊಟೆ ಫ್ರಿಟ್ಸ್ 2007ರಲ್ಲಿ ವಿಂಗಡಿಸಿ ತೋರಿಸಿದರು: ಕೆಲಸದಿಂದ ಮನಸ್ಸು ಬಿಡಿಸಿಕೊಳ್ಳುವುದು, ಮೈಮನ ಸಡಿಲಾಗುವುದು, ಒಂದು ವಿದ್ಯೆಯಲ್ಲಿ ಪಳಗುವುದು, ಸಮಯ ತನ್ನ ಹಿಡಿತದಲ್ಲಿರುವುದು. ಇವರ ಇಡೀ ದಿನದಲ್ಲಿ ಯಾರೂ ಏನೂ ಕೇಳದ ಹೊತ್ತು ರಾತ್ರಿ ಹತ್ತೂವರೆಯ ಮೇಲಿನದು ಮಾತ್ರ. ಕೊನೆಯ ಅನುಭವಕ್ಕಾಗಿ ನಿದ್ದೆಯನ್ನು ಒತ್ತೆಯಿಟ್ಟು ಎಚ್ಚರವಿರುತ್ತಿದ್ದರು. ಆ ಹಿಡಿತವನ್ನು ಬೇರೆ ಹೊತ್ತಿನಲ್ಲಿ ಕೊಡದೆ ಫೋನ್ ಕಸಿದುಕೊಂಡರೆ ನಿಲ್ಲುವುದಿಲ್ಲ. ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡದ್ದು ಅದಾಗಲೇ ಮೂರು ಸಲ ಆಗಿತ್ತು.

ಬಡ್ತಿಯ ಆಸೆ ಬಿಡಿ ಎಂದು ಹೇಳಲಿಲ್ಲ, ಹೇಳುವ ಹಕ್ಕೂ ನಮಗಿಲ್ಲ. ಆ ಆಸೆಗೆ ಗಂಟೆಯ ಲೆಕ್ಕದ ಒಂದು ಗಡಿ ಹಾಕಿದೆವು. ಪರೀಕ್ಷೆಯಲ್ಲಿ ಉಳಿದ ಮೂರು ವಿಷಯಗಳನ್ನೂ ಒಟ್ಟಿಗೆ ಕಟ್ಟಬೇಕೆಂದು ಅವರ ಹಟ. ಒಂದೆರಡರಲ್ಲಿ 45 ಬಂದರೂ ಒಟ್ಟು ಶೇ. 50 ಆದರೆ ಸಾಕು ಎಂಬ ನಂಬಿಕೆ. ಆ ರಿಯಾಯಿತಿ ಇರುವುದು ಎಲ್ಲ ವಿಷಯಗಳನ್ನೂ ಒಂದೇ ಪ್ರಯತ್ನದಲ್ಲಿ ಮುಗಿಸುವವರಿಗೆ. ಇವರಿಗೆ ಇನ್ನು ಪ್ರತಿ ವಿಷಯದಲ್ಲೂ 50 ಬೇಕೇ ಬೇಕು. ನಿಯಮವನ್ನು ಅವರೇ ಓದಿ ನೋಡಿದ ಮೇಲೆ ಈ ಸಲಕ್ಕೆ ಎರಡು ವಿಷಯ ಎಂದು ತೀರ್ಮಾನಿಸಿದರು.

ನಿದ್ದೆ ಮೊದಲು: ರಾತ್ರಿ 10.30ರಿಂದ ಬೆಳಗ್ಗೆ 5.30. ಓದು 5.40ರಿಂದ 6.50. ಮೊದಲ 50 ನಿಮಿಷ ಓದು, ಮುಂದಿನ 10 ನಿಮಿಷ ಪುಸ್ತಕ ಮುಚ್ಚಿ ನೆನಪಿರುವುದನ್ನು ಬರೆಯುವುದು, ಕೊನೆಯ 10 ನಿಮಿಷ ಹಿಂದಿನ ದಿನದ್ದರ ಮೇಲೆ ಪ್ರಶ್ನೆ. ರಜೆಯ ದಿನ ಎರಡೂವರೆ ಗಂಟೆ. ಶನಿವಾರ ರಜೆಯಿದ್ದರೆ ವಾರಕ್ಕೆ ಸುಮಾರು 11 ಗಂಟೆ, ಇಲ್ಲದಿದ್ದರೆ ಒಂಬತ್ತೂವರೆ. ಹಳೆಯ ಏಳೂವರೆಗಿಂತ ಇದು ಹೆಚ್ಚು ಎಂಬುದನ್ನು ಕಾಗದದ ಮೇಲೆ ಕೂಡಿಸಿ ತೋರಿಸುವವರೆಗೂ ಅವರು ಒಪ್ಪಲಿಲ್ಲ.

ಗಮಕಕ್ಕೆ ಮಂಗಳವಾರ ಮತ್ತು ಗುರುವಾರ ರಾತ್ರಿ 8ರಿಂದ 8.25, ಭಾನುವಾರ ಸಂಜೆ ಒಂದು ಗಂಟೆ. ಊಟಕ್ಕೆ ಮುಂಚೆಯೇ ಇಟ್ಟದ್ದಕ್ಕೆ ಕಾರಣವಿದೆ: ದಿನದ ಕೊನೆಗೆ ಇಟ್ಟದ್ದನ್ನೆಲ್ಲ ಹಿಂದಿನ ಕೆಲಸಗಳ ವಿಳಂಬ ನುಂಗಿಬಿಡುತ್ತದೆ. ಅವೆರಡು ದಿನ ಅನ್ನ-ಸಾರು, ಮಗಳ ಹೋಂವರ್ಕ್ ಗಂಡನದು. ಇದಕ್ಕಾಗಿ ಅವರನ್ನೂ ಒಂದು ಭೇಟಿಗೆ ಕರೆಸಿದೆವು. "ನಾನು ಯಾವತ್ತೂ ಬೇಡ ಅಂದಿಲ್ಲವಲ್ಲ" ಎಂದರು. ಬೇಡ ಎನ್ನದಿದ್ದರೆ ಸಾಲದು, ಎಂಟು ಗಂಟೆಗೆ ಒಲೆಯ ಮುಂದೆ ನೀವಿರಬೇಕು ಎಂದು ನೇರವಾಗಿ ಹೇಳಿದೆವು. ತಾಯಿಗೆ ತಿಳಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿದೆವು. ಸೊಸೆ ಹೇಳಿದರೆ ಅದು ಅನುಮತಿ ಕೇಳಿದಂತೆ ಕೇಳಿಸುತ್ತದೆ.

ಬ್ಯಾಂಕ್ ಬಿಡುವ ಮುಂಚಿನ 10 ನಿಮಿಷ ಬಾಕಿ ಫೈಲುಗಳ ಪಟ್ಟಿಗೆ. ಫೈಲಿನ ಹೆಸರು ಮಾತ್ರ ಬರೆದರೆ ಅದು ತಲೆಯಲ್ಲೇ ಉಳಿಯುತ್ತದೆ. ಮುಂದಿನ ಹೆಜ್ಜೆಯನ್ನೂ ಬರೆಯಬೇಕು, "ನಾಳೆ 11ಕ್ಕೆ ವಕೀಲರಿಗೆ ಫೋನ್, ಲೀಗಲ್ ಒಪಿನಿಯನ್ ಕೇಳುವುದು" ಎಂಬಂತೆ. ಶಾಖೆಯ ವಾಟ್ಸಾಪ್ ಗುಂಪು ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಮ್ಯೂಟ್. ಮ್ಯಾನೇಜರಿಗೆ ಹೇಳಬೇಕಾದ ಮಾತನ್ನು ಭೇಟಿಯಲ್ಲೇ ಅಭ್ಯಾಸ ಮಾಡಿಸಿದೆವು: "ಸರ್, ಎಂಟರ ಮೇಲೆ ಗ್ರೂಪ್ ನೋಡೋದಿಲ್ಲ. ಅರ್ಜೆಂಟ್ ಇದ್ರೆ ಫೋನ್ ಮಾಡಿ, ಎತ್ತುತೀನಿ." ಕ್ಷಮೆ ಕೇಳಿ ಶುರು ಮಾಡಬಾರದು. ಮೊದಲ ತಿಂಗಳು ಬಂದ ಫೋನ್ ಎರಡು.

ಫೋನಿನ ಚಾರ್ಜರ್ ಹಾಲ್‌ಗೆ ಹೋಯಿತು, ಮಲಗುವ ಕೋಣೆಗೆ ಅಲಾರಂ ಗಡಿಯಾರ ಬಂತು. ರೀಲ್ಸ್ ಬೇಕೆನಿಸಿದರೆ 9.15ರಿಂದ 9.45, ಕುರ್ಚಿಯಲ್ಲಿ ಕೂತು.

ಎರಡು ವಾರ ಚೆನ್ನಾಗಿ ನಡೆದು ಮೂರನೇ ವಾರ ಕೆಟ್ಟಿತು. ಭೇಟಿಗೆ ಬಂದವರು ಉತ್ಸಾಹದಿಂದ ಹೇಳಿದರು: ಗಮಕದ ಮುಂದಿನ ದರ್ಜೆಯ ಪರೀಕ್ಷೆ ಕಟ್ಟಬೇಕು, ದಿನಕ್ಕೊಂದು ವಾಚನ ರೆಕಾರ್ಡ್ ಮಾಡಿ ಹಾಕುತ್ತಿದ್ದೇನೆ. ಪಟ್ಟಿ ನೋಡಿದರೆ ಗಮಕದ ಖುಷಿ 8ರಿಂದ 4ಕ್ಕೆ ಇಳಿದಿತ್ತು. ಒಂದು ಪದ್ಯವನ್ನು ಏಳು ಸಲ ರೆಕಾರ್ಡ್ ಮಾಡಿ, ಎಷ್ಟು ಜನ ನೋಡಿದರೆಂದು ಮತ್ತೆ ಫೋನಿಗೆ ಹೋಗಿದ್ದರು. ಮಹತ್ವಾಕಾಂಕ್ಷೆಯ ಜನರಲ್ಲಿ ಇದು ಆಗಿಯೇ ಆಗುತ್ತದೆಂದು ಮೊದಲೇ ಎಚ್ಚರಿಸಬೇಕಿತ್ತು, ನಾವು ಎಚ್ಚರಿಸಿರಲಿಲ್ಲ. ಅಂಕ ಹಾಕುವವರು ಬಂದ ಕೂಡಲೇ ಬಿಡುವಿನ ಹೊತ್ತು ಇನ್ನೊಂದು ಟಾರ್ಗೆಟ್ ಆಗುತ್ತದೆ. ಮೂರು ತಿಂಗಳು ರೆಕಾರ್ಡಿಂಗ್ ಇಲ್ಲ, ಪರೀಕ್ಷೆ ಇಲ್ಲ, ತಪ್ಪಿದರೆ ತಿದ್ದದೆ ಮುಂದಿನ ಪದ್ಯಕ್ಕೆ ಹೋಗುವುದು ಎಂದು ಗೊತ್ತುಮಾಡಿದೆವು. ಕೊನೆಯದೇ ಅವರಿಗೆ ಅತಿ ಕಷ್ಟವಾಯಿತು.

ಹನ್ನೆರಡನೇ ವಾರದ ಪಟ್ಟಿಯಲ್ಲಿ ನಿದ್ದೆ 6 ಗಂಟೆ 40 ನಿಮಿಷ, ಓದು 10 ಗಂಟೆ, ಪಿಎಚ್‌ಕ್ಯೂ-9 ಅಂಕ 4. ಇದರಲ್ಲಿ ಕಬ್ಬಿಣದ ಮಾತ್ರೆಯ ಪಾಲೂ ಇದೆ. ಅತ್ತೆಗೆ ಇನ್ನೂ ಇದು ಸರಿಬಂದಿಲ್ಲ: "ಪರೀಕ್ಷೆ ಇಟ್ಕೊಂಡು ರಾಗ ಎಳೀತಾ ಕೂತಿದಾಳೆ." ಅದಕ್ಕೆ ವಾದ ಬೇಡ, "ಎಂಟೂ ಇಪ್ಪತ್ತೈದಕ್ಕೆ ಬಂದೆ, ಅತ್ತೆ" ಎಂದು ಹೇಳಿ ಅಷ್ಟೇ ಹೊತ್ತಿಗೆ ಎದ್ದು ಬನ್ನಿ ಎಂದಿದ್ದೇವೆ.

ಒಂದು ವಿಷಯ ಇತ್ಯರ್ಥವಾಗಿಲ್ಲ. ಬಡ್ತಿಯ ಜೊತೆಗೆ ವರ್ಗಾವಣೆ ಬರಬಹುದು, ಬೇರೆ ರಾಜ್ಯಕ್ಕೂ ಇರಬಹುದು. ಗಂಡ ಹೆಂಡತಿ ಇಬ್ಬರೂ ಅದರ ಮಾತೆತ್ತಿರಲಿಲ್ಲ. ಬಡ್ತಿಯಾದ ಮೊದಲ ತಿಂಗಳ ಒಂದು ಸಾಮಾನ್ಯ ಬುಧವಾರ ಹೇಗಿರುತ್ತದೆ, ಮಗಳು ಯಾರ ಜೊತೆ ಎಂಬುದನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆದು ತರಲಿದ್ದಾರೆ.

ಮಾರ್ಚ್ ತಿಂಗಳಿಗೆ ಬೇರೆ ಪಟ್ಟಿ ಮಾಡಿದ್ದೇವೆ. ವರ್ಷಾಂತ್ಯದ ಲೆಕ್ಕದ ದಿನಗಳಲ್ಲಿ 25 ನಿಮಿಷ ಸಿಗುವುದಿಲ್ಲ. ಗಮಕ ವಾರಕ್ಕೆ ಎರಡು ಸಲ 10 ನಿಮಿಷಕ್ಕೆ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಓದು ದಿನಕ್ಕೆ 30 ನಿಮಿಷ, ಹಳೆಯ ಪ್ರಶ್ನೆಗಳು ಮಾತ್ರ. ಹಳೆಯ ಪಟ್ಟಿಗೆ ಮರಳುವುದು ಏಪ್ರಿಲ್‌ನ ಎರಡನೇ ಶನಿವಾರ, ಮುಂದಿನ ಭೇಟಿಯೂ ಅವತ್ತೇ.