ಷರಾ ಇಲ್ಲದ ಆದೇಶ

ಶಿವಮೊಗ್ಗದ ನಿವೃತ್ತ ಅಧ್ಯಾಪಕರೊಬ್ಬರ ಪತ್ರದ ಸಾರ ಹೀಗಿದೆ: "2016ರಿಂದ 2024ರೊಳಗೆ ಬ್ರಿಟನ್ ಆರು ಪ್ರಧಾನಿಗಳನ್ನು ಕಂಡಿತು. ಲಿಜ್ ಟ್ರಸ್ 49 ದಿನಕ್ಕೇ ಇಳಿದರು. ಹುಬ್ಬಳ್ಳಿಯ ಅಳಿಯ ಎಂದು ನಾವು ಸಂಭ್ರಮಪಟ್ಟ ಸುನಕ್ ಕೂಡ ಎರಡು ವರ್ಷ ತುಂಬಿಸಲಿಲ್ಲ. ಬರೆದಿಟ್ಟ ಸಂವಿಧಾನ ಇಲ್ಲದ ದೇಶಕ್ಕೆ ಇದೇ ಗತಿ. ನಮ್ಮಂಥ ಸಂವಿಧಾನ ಅವರಿಗೂ ಬೇಡವೇ? ಅದಿಲ್ಲದೆ ಅವರ ಸರ್ಕಾರ ನಡೆಯುತ್ತಿರುವುದಾದರೂ ಹೇಗೆ?"

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆ ನಿಮ್ಮ ವಾದಕ್ಕಿಂತ ದೊಡ್ಡದು. ಆದರೂ ವಾದಕ್ಕೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸುತ್ತೇವೆ. ಬ್ರಿಟನ್ನಿನಲ್ಲಿ ಸಂಸತ್ತು ಇಂದು ಕಟ್ಟಿದ್ದನ್ನು ನಾಳೆ ಸರಳ ಬಹುಮತದಿಂದ ಕೆಡವಬಹುದು. 2011ರಲ್ಲಿ ಸಂಸತ್ತಿಗೆ ಐದು ವರ್ಷದ ನಿಗದಿತ ಅವಧಿ ಕೊಡುವ ಕಾಯ್ದೆ ಬಂತು. ಅವಧಿಗೆ ಮುಂಚೆ ಚುನಾವಣೆ ಬೇಕಾದರೆ 650 ಸದಸ್ಯರಲ್ಲಿ ಮೂರನೇ ಎರಡು ಭಾಗ, ಅಂದರೆ 434 ಮಂದಿ, ಒಪ್ಪಬೇಕಿತ್ತು. 2019ರಲ್ಲಿ ಬೋರಿಸ್ ಜಾನ್ಸನ್ ಮೂರು ಸಲ ಕೇಳಿ ಮೂರು ಸಲವೂ ಸೋತರು. ಆಮೇಲೆ ಡಿಸೆಂಬರ್ 12ಕ್ಕೆ ಚುನಾವಣೆ ಎಂದು ಪುಟ್ಟದೊಂದು ಪ್ರತ್ಯೇಕ ಕಾಯ್ದೆ ತಂದರು. ಅದಕ್ಕೆ ಸರಳ ಬಹುಮತವೇ ಸಾಕಾಯಿತು, ಹಾಕಿದ ಬೀಗ ಬಾಗಿಲಲ್ಲೇ ನೇತಾಡಿತು. 2022ರಲ್ಲಿ ಮೂಲ ಕಾಯ್ದೆಯನ್ನೇ ರದ್ದು ಮಾಡಿದರು. ಸಂವಿಧಾನ ತಿದ್ದಲು ವಿಶೇಷ ಬಹುಮತ ಬೇಕೆನ್ನುವ ನಮ್ಮ 368ನೇ ವಿಧಿಯಂಥದ್ದು ಅಲ್ಲಿ ಇದ್ದಿದ್ದರೆ ಇದು ಇಷ್ಟು ಸಲೀಸಾಗುತ್ತಿರಲಿಲ್ಲ. ಒಪ್ಪಿದೆವು.

ಆದರೆ ಗ್ರಂಥವಿದ್ದರೆ ಕುರ್ಚಿ ಅಲುಗದು ಎನ್ನುವುದನ್ನು ಮಾತ್ರ ಒಪ್ಪಲಾಗದು. 2018ರ ಮೇ 17ರಂದು ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿಯೊಬ್ಬರು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆ ಕೊಟ್ಟಾಗ ನಮ್ಮ ಸಂವಿಧಾನ ಜಾರಿಯಲ್ಲೇ ಇತ್ತು. ಇಷ್ಟು ವರ್ಷ ಪಾಠ ಮಾಡಿದ ನೀವು ಇದನ್ನು ಮರೆಯಬಾರದಿತ್ತು.

ಹಾಗಾದರೆ ಅಲ್ಲಿ ಸರ್ಕಾರವನ್ನು ಹಿಡಿದಿಟ್ಟಿರುವುದು ಯಾವುದು? ಕಡತ. ಕಡತದ ಮೇಲೆ ಹೆಸರು ಹಾಕಿ ಷರಾ, ಅಂದರೆ ತನ್ನ ಅಭಿಪ್ರಾಯ, ಬರೆಯುವ ಅಧಿಕಾರಿ. ಅದಕ್ಕೆ ಬರವಣಿಗೆಯಲ್ಲೇ ಉತ್ತರಿಸಬೇಕಾದ ಸಚಿವ.

ಚುನಾವಣೆಗೆ ತಿಂಗಳುಗಳ ಮೊದಲೇ, ಪ್ರಧಾನಿಯ ಒಪ್ಪಿಗೆ ಪಡೆದು, ಸರ್ಕಾರ ಬದಲಾದರೂ ಉಳಿಯುವ ಇಲಾಖಾ ಮುಖ್ಯ ಅಧಿಕಾರಿಗಳು, ಅಂದರೆ ಖಾಯಂ ಕಾರ್ಯದರ್ಶಿಗಳು, ವಿರೋಧ ಪಕ್ಷದವರೊಂದಿಗೆ ಮಾತುಕತೆಗೆ ಕೂರುತ್ತಾರೆ. ನಿಮ್ಮ ಪ್ರಣಾಳಿಕೆ ಜಾರಿಯಾಗಬೇಕಾದರೆ ಯಾವ ಮಸೂದೆ ಬೇಕು, ಎಷ್ಟು ಸಿಬ್ಬಂದಿ ಬೇಕು ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಯಾರೇ ಗೆದ್ದರೂ ಮೊದಲ ದಿನದ ಕಡತ ಮೇಜಿನ ಮೇಲಿರುತ್ತದೆ. 2024ರ ಜುಲೈ 5ರ ಬೆಳಿಗ್ಗೆ ಸುನಕ್ ರಾಜೀನಾಮೆ ಕೊಟ್ಟರು, ಮಧ್ಯಾಹ್ನದ ಹೊತ್ತಿಗೆ ಕೀರ್ ಸ್ಟಾರ್ಮರ್ ಪ್ರಧಾನಿ ನಿವಾಸವಿರುವ ಡೌನಿಂಗ್ ಬೀದಿಯಲ್ಲಿದ್ದರು. ಹೊಸ ಪ್ರಧಾನಿಯ ಮೊದಲ ಕೆಲಸಗಳಲ್ಲಿ ಒಂದು, ನಾಲ್ಕು ಅಣ್ವಸ್ತ್ರ ಜಲಾಂತರ್ಗಾಮಿಗಳ ಕಮಾಂಡರುಗಳಿಗೆ ಸ್ವಹಸ್ತದಿಂದ ನಾಲ್ಕು ಪತ್ರ ಬರೆಯುವುದು: ದೇಶವೇ ನಾಶವಾದರೆ ಏನು ಮಾಡಬೇಕು ಎಂದು. ಹಿಂದಿನವರ ಪತ್ರಗಳನ್ನು ಒಡೆಯದೆಯೇ ನಾಶ ಮಾಡುತ್ತಾರೆ.

ಇದೆಲ್ಲಕ್ಕಿಂತ ನಮಗೆ ಮೆಚ್ಚುಗೆಯಾಗುವುದು ಅವರ ಲಿಖಿತ ನಿರ್ದೇಶನದ ಪದ್ಧತಿ. ಇಲಾಖೆಯ ಖಾಯಂ ಕಾರ್ಯದರ್ಶಿಯೇ ಅದರ ಹಣಕ್ಕೂ ಹೊಣೆ. ಯಾವುದೇ ಖರ್ಚನ್ನು ಅವರು ನಾಲ್ಕು ಒರೆಗೆ ಹಚ್ಚಬೇಕು: ಕಾನೂನಿನಲ್ಲಿ ಅವಕಾಶವಿದೆಯೇ, ಔಚಿತ್ಯವಿದೆಯೇ, ಕೊಟ್ಟ ದುಡ್ಡಿಗೆ ತಕ್ಕ ಫಲ ಬರುತ್ತದೆಯೇ, ಅಂದುಕೊಂಡಂತೆ ಮಾಡಿ ಮುಗಿಸಲು ಆಗುತ್ತದೆಯೇ. ಒಂದರಲ್ಲಿ ಸೋತರೂ ಸಚಿವರಿಗೆ ಪತ್ರ ಬರೆಯಬೇಕು. ಸಚಿವರು ಆದರೂ ಮಾಡಿ ಎನ್ನುವುದಾದರೆ ಸಹಿ ಹಾಕಿ ಲಿಖಿತ ನಿರ್ದೇಶನ ಕೊಡಬೇಕು. ಬಂದ ಮೇಲೆ ಅಧಿಕಾರಿ ಮಾಡಲೇಬೇಕು, ಆದರೆ ಹೊಣೆ ಸಚಿವರದ್ದು. ಪತ್ರಗಳ ಪ್ರತಿ ಮಹಾಲೆಕ್ಕ ಪರಿಶೋಧಕರಿಗೂ ಸಂಸತ್ತಿನ ಲೆಕ್ಕಪತ್ರ ಸಮಿತಿಗೂ ಹೋಗುತ್ತದೆ. ಆಮೇಲೆ ಸಾರ್ವಜನಿಕರಿಗಾಗಿ ಪ್ರಕಟವಾಗುತ್ತದೆ.

2022ರ ಏಪ್ರಿಲ್‌ನಲ್ಲಿ ಆಶ್ರಯ ಬೇಡಿ ಬಂದವರನ್ನು ರುವಾಂಡಾಕ್ಕೆ ಕಳಿಸುವ ಯೋಜನೆ ಬಂದಾಗ ಗೃಹ ಇಲಾಖೆಯ ಖಾಯಂ ಕಾರ್ಯದರ್ಶಿ ಮ್ಯಾಥ್ಯೂ ರೈಕ್ರಾಫ್ಟ್ ಹೀಗೇ ಬರೆದರು. ಇದರಿಂದ ದೋಣಿಗಳಲ್ಲಿ ಬರುವವರು ಹೆದರಿ ನಿಲ್ಲುತ್ತಾರೆ ಎನ್ನುವುದಕ್ಕೆ ಸಾಕಷ್ಟು ಪುರಾವೆಯಿಲ್ಲ, ದುಡ್ಡಿಗೆ ತಕ್ಕ ಫಲ ಬರುತ್ತದೆಂದು ಹೇಳಲಾರೆ ಎಂಬುದು ಪತ್ರದ ತಿರುಳು. ಸಚಿವೆ ಪ್ರೀತಿ ಪಟೇಲ್ ನಿರ್ದೇಶನಕ್ಕೆ ಸಹಿ ಹಾಕಿದರು. ಎರಡು ವರ್ಷದ ನಂತರ ಹೊಸ ಸರ್ಕಾರ ಸಂಸತ್ತಿಗೆ ಹೇಳಿದ ಲೆಕ್ಕ 70 ಕೋಟಿ ಪೌಂಡ್. ರುವಾಂಡಾಕ್ಕೆ ಹೋದವರು ನಾಲ್ಕು ಮಂದಿ, ಅದೂ ತಾವಾಗಿಯೇ. ಷರಾ ಯೋಜನೆಯನ್ನು ತಡೆಯಲಿಲ್ಲ, ನಿಜ. ಆದರೆ ಯಾರು ಎಚ್ಚರಿಸಿದರು, ಯಾರು ಕೇಳಲಿಲ್ಲ ಎನ್ನುವುದನ್ನು ಇವತ್ತು ಯಾರೂ ತಿರುಚಲಾರರು.

ಬ್ರಿಟನ್ ಎಡವಿದ ಕಡೆಗಳನ್ನು ನೋಡಿ. ಪ್ರತಿ ಸಲವೂ ಈ ಕಾಗದವನ್ನು ಬದಿಗಿಟ್ಟಿದ್ದಾರೆ. ಟ್ರಸ್ ಸರ್ಕಾರ ಬಂದ ಮೂರೇ ದಿನದೊಳಗೆ ಹಣಕಾಸು ಇಲಾಖೆಯ ಖಾಯಂ ಕಾರ್ಯದರ್ಶಿ ಟಾಮ್ ಸ್ಕಾಲರ್ ಅವರನ್ನು ಮನೆಗೆ ಕಳಿಸಿತು. ಆದಾಯ-ವೆಚ್ಚದ ಸ್ವತಂತ್ರ ಮುನ್ನಂದಾಜು ಕೊಡುವ ಕಚೇರಿ ನಾವು ಸಿದ್ಧ ಎಂದರೂ ಬೇಡ ಎಂದಿತು. 2022ರ ಸೆಪ್ಟೆಂಬರ್ 23ರಂದು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿತು. ಆಮೇಲಿನದ್ದು ಬರೀ ಮಾರುಕಟ್ಟೆಯ ಮುನಿಸಲ್ಲ. ಪಿಂಚಣಿ ನಿಧಿಗಳು ಸರ್ಕಾರಿ ಸಾಲಪತ್ರಗಳನ್ನು ಅಡವಿಟ್ಟು ಸಾಲ ಎತ್ತಿದ್ದವು. ಸಾಲಪತ್ರಗಳ ಬೆಲೆ ಬಿದ್ದಾಗ ಸಾಲ ಕೊಟ್ಟವರು ಹೆಚ್ಚುವರಿ ಅಡಮಾನ ಕೇಳಿದರು, ಅದನ್ನು ಹೊಂದಿಸಲು ನಿಧಿಗಳು ಅದೇ ಪತ್ರಗಳನ್ನು ಮಾರಿದವು, ಮಾರಿದಷ್ಟೂ ಬೆಲೆ ಇನ್ನೂ ಬಿತ್ತು. ಈ ಸುಳಿ ನಿಲ್ಲಿಸಲು ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಆ ಸಾಲಪತ್ರಗಳನ್ನು 6,500 ಕೋಟಿ ಪೌಂಡ್‌ವರೆಗೆ ಕೊಳ್ಳುವುದಾಗಿ ಸಾರಿತು. 1,930 ಕೋಟಿ ಕೊಳ್ಳುವಷ್ಟರಲ್ಲಿ ನಿಂತಿತು. ದೊಡ್ಡ ತೆರಿಗೆ-ವೆಚ್ಚದ ತೀರ್ಮಾನಗಳಿಗೆ ಮುನ್ನಂದಾಜು ಬಂದೇ ಬರಬೇಕು ಎಂದು 2024ರಲ್ಲಿ ಕಾಯ್ದೆ ಮಾಡಿದರು. ಪೆಟ್ಟು ತಿಂದ ಮೇಲೆ ಅವರು ಸಂವಿಧಾನ ಬರೆಯಲು ಕೂರಲಿಲ್ಲ. ತಪ್ಪಿಹೋಗಿದ್ದ ಒಂದು ಕಾಗದವನ್ನು ಕಡ್ಡಾಯ ಮಾಡಿದರು. ನಮಗೆ ಇದೇ ಸರಿ ಎನಿಸುತ್ತದೆ.

2019ರಲ್ಲಿ ಜಾನ್ಸನ್ ಐದು ವಾರ ಸಂಸತ್ತನ್ನು ಮುಚ್ಚಿದ ಪ್ರಕರಣವೂ ಹೀಗೆಯೇ. ಆಗಸ್ಟ್ 15ರ ಟಿಪ್ಪಣಿಯ ಮೇಲೆ ಪ್ರಧಾನಿ ಗುರುತು ಹಾಕಿ 'ಹೌದು' ಎಂದು ಒಪ್ಪಿದ್ದು ಕೋರ್ಟಿನ ಮುಂದಿತ್ತು. ಐದು ವಾರವೇ ಏಕೆ ಎನ್ನುವುದಕ್ಕೆ ಸಮರ್ಪಕ ಕಾರಣ ಮಾತ್ರ ಎಲ್ಲೂ ಇರಲಿಲ್ಲ, ಪ್ರಮಾಣಪತ್ರ ಸಲ್ಲಿಸಿ ಅದನ್ನು ಹೇಳಲು ಸರ್ಕಾರದಿಂದ ಯಾರೂ ಮುಂದೆ ಬರಲಿಲ್ಲ. ಸೆಪ್ಟೆಂಬರ್ 24ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಹನ್ನೊಂದೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಆದೇಶ ಅಸಿಂಧು ಎಂದರು. ಬರೆದ ಸಂವಿಧಾನವಿಲ್ಲದ ನಾಡಿನ ಕೋರ್ಟು ಕೊಟ್ಟ ತೀರ್ಪು ಅದು, ಮೇಷ್ಟ್ರೇ.

ಆ ಸುಪ್ರೀಂ ಕೋರ್ಟ್ ಹುಟ್ಟಿದ ಕಥೆಯಲ್ಲೂ ಪಾಠವಿದೆ. 2003ರ ಜೂನ್ 12ರಂದು ಟೋನಿ ಬ್ಲೇರ್ ಸರ್ಕಾರ ಪತ್ರಿಕಾ ಪ್ರಕಟಣೆ ಹೊರಡಿಸಿ ಲಾರ್ಡ್ ಚಾನ್ಸಲರ್ ಹುದ್ದೆ ರದ್ದು, ಹೊಸ ಸುಪ್ರೀಂ ಕೋರ್ಟ್ ಬರುತ್ತದೆ ಎಂದಿತು. ಸಚಿವ, ನ್ಯಾಯಾಂಗದ ಮುಖ್ಯಸ್ಥ, ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಅಧ್ಯಕ್ಷ, ಮೂರೂ ಒಬ್ಬರೇ ಆಗಿದ್ದ ಹುದ್ದೆ ಅದು. ಅದರ ಹೆಸರು ಲೆಕ್ಕವಿಲ್ಲದಷ್ಟು ಕಾಯ್ದೆಗಳಲ್ಲಿದೆ, ಕಾನೂನು ತಿದ್ದದೆ ಅಳಿಸಲಾಗದು ಎನ್ನುವುದು ಆಮೇಲೆ ಹೊಳೆಯಿತು. ಮರುದಿನ ಹೊಸ ಸಚಿವ ಚಾರ್ಲಿ ಫಾಲ್ಕನರ್ ಲಾರ್ಡ್ ಚಾನ್ಸಲರ್ ಆಗಿಯೇ ಆ ಹಳೆಯ ಪೀಠದಲ್ಲಿ ಕೂರಬೇಕಾಯಿತು. ಅದೇ ಸುಧಾರಣೆ 2005ರಲ್ಲಿ ಕಾಯ್ದೆಯಾಗಿ ಬಂದಾಗ ನಿಂತಿತು. ಹುದ್ದೆಯ ಹೆಸರು ಉಳಿದು, ಅಧಿಕಾರಗಳು ಹಂಚಿಹೋದವು. ಸುಪ್ರೀಂ ಕೋರ್ಟ್ ಬಾಗಿಲು ತೆರೆದದ್ದು 2009ರ ಅಕ್ಟೋಬರ್‌ನಲ್ಲಿ. ಆರು ವರ್ಷ ಹಿಡಿಯಿತು, ಹಿಡಿಯಲೇಬೇಕಿತ್ತು.

ಪ್ರಧಾನಿ ಬದಲಾದರೆ ಏನೂ ಆಗುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ನಷ್ಟವಾಗುವುದು ಕೆಳಗಿನ ಮೆಟ್ಟಿಲಲ್ಲಿ. 2022 ಒಂದೇ ವರ್ಷದಲ್ಲಿ ಶಿಕ್ಷಣ ಖಾತೆ ಐವರ ಕೈಗೆ ಹೋಯಿತು, ಮಿಷೆಲ್ ಡೊನೆಲನ್ ಎರಡು ದಿನವೂ ಪೂರ್ತಿ ಕೂರಲಿಲ್ಲ. 2010ರಿಂದ 2024ರೊಳಗೆ ವಸತಿ ಸಚಿವರ ಹುದ್ದೆ ಹದಿನಾರು ಸಲ ಕೈ ಬದಲಿಸಿತು. ವಿಷಯ ಅರ್ಥವಾಗುವ ಹೊತ್ತಿಗೆ ಸಚಿವರು ಹೊರಟಿರುತ್ತಾರೆ, ಅಧಿಕಾರಿ ಮತ್ತೆ ಮೊದಲಿನಿಂದ ವಿವರಿಸಬೇಕು. ಇಲಾಖೆಗಳನ್ನೇ ಒಡೆದು ಕೂಡಿಸುವ ಚಪಲ ಇನ್ನೊಂದು. 2016ರಲ್ಲಿ ಕೂಡಿಸಿದ ಉದ್ಯಮ-ಇಂಧನ ಇಲಾಖೆಯನ್ನು 2023ರಲ್ಲಿ ಸುನಕ್ ಮತ್ತೆ ಒಡೆದರು. ಫಲಕ ಬದಲಿಸಲು ಒಂದು ದಿನ ಸಾಕು. ಬೇರೆ ಬೇರೆ ವೇತನಶ್ರೇಣಿ, ಕಂಪ್ಯೂಟರ್ ವ್ಯವಸ್ಥೆ, ಕಟ್ಟಡ, ಸಂಸತ್ತಿನ ಮುಂದಿಡುವ ಹೊಸ ಲೆಕ್ಕ ಶೀರ್ಷಿಕೆ, ಇವನ್ನೆಲ್ಲ ಹೊಂದಿಸಲು ವರ್ಷಗಳು ಬೇಕು.

ಈ ಖಾಯಂ ನೌಕರಶಾಹಿಯ ಬೇರು ನಮ್ಮ ನೆಲದಲ್ಲೂ ಇದೆ. 1854ರ ಸುಧಾರಣಾ ವರದಿ ಬರೆದ ಇಬ್ಬರಲ್ಲಿ ಒಬ್ಬರಾದ ಚಾರ್ಲ್ಸ್ ಟ್ರೆವೆಲಿಯನ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ಕಲಿತವರು. ಭಾರತದ ಹುದ್ದೆಗಳಿಗೆ 1855ರಲ್ಲೇ ಮುಕ್ತ ಸ್ಪರ್ಧಾತ್ಮಕ ಪರೀಕ್ಷೆ ಬಂತು, ಅವರ ಸ್ವಂತ ಕಚೇರಿಗಳಲ್ಲಿ ಅದು ನೆಲೆಯೂರಲು 1870 ಬರಬೇಕಾಯಿತು.

ಅದಕ್ಕೇ ನಮಗೆ ಸಂಕಟ. ಷರಾ ಎನ್ನುವ ಪದ ನಮ್ಮ ಪ್ರತಿ ತಾಲ್ಲೂಕು ಕಚೇರಿಯಲ್ಲಿದೆ, ಆದರೆ ಕೆಲಸ ನಡೆಯುವುದು ಫೋನಿನಲ್ಲಿ. 'ಸಾಹೇಬರು ಹೇಳಿದ್ದಾರೆ' ಎಂಬ ಮೂರನೆಯವರ ಮಾತಿಗೆ ಕಡತ ಸರಿಯುತ್ತದೆ, ತನಿಖೆ ಬಂದಾಗ ಸಹಿ ಹಾಕಿದ ಗುಮಾಸ್ತ ಸಿಕ್ಕಿಬೀಳುತ್ತಾನೆ. ಮೌಖಿಕ ಆದೇಶದ ಮೇಲೆ ನಡೆಯಬೇಡಿ, ಅದನ್ನು ದಾಖಲಿಸಿ ಎಂದು 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿತು. ಬರೆದ ಸಂವಿಧಾನವೂ ಇದೆ, ಬರೆದ ತೀರ್ಪೂ ಇದೆ. ಷರಾ ಬರೆಯಲು ಹೊರಟ ಅಧಿಕಾರಿಯ ಕೈಗೆ ಮಾತ್ರ ವರ್ಗಾವಣೆ ಪತ್ರ ಬರುತ್ತದೆ.

ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅರ್ಜಿ ಬರೆಯಬಲ್ಲವರು ಬಹಳ ಮಂದಿ ಇರುತ್ತಾರೆ. ನಿಮ್ಮೂರಿನ ಒಂದು ರಸ್ತೆಯೋ ಕೆರೆಯೋ ಆರಿಸಿಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಹತ್ತು ರೂಪಾಯಿ ಶುಲ್ಕ. ಆದೇಶದ ಪ್ರತಿಯನ್ನಷ್ಟೇ ಕೇಳಿದರೆ ಅಷ್ಟನ್ನೇ ಕೊಡುತ್ತಾರೆ, ಆದ್ದರಿಂದ 'ಕಡತದ ಟಿಪ್ಪಣಿ ಹಾಳೆಗಳ ಸಹಿತ' ಎಂದು ಸ್ಪಷ್ಟವಾಗಿ ಬರೆಸಿ. ಬಂದ ಹಾಳೆಗಳಲ್ಲಿ ಷರಾ ಇದೆಯೇ ಇಲ್ಲವೇ ನೋಡಿ ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.