ಶಿಕಾಗೊ ಬಳಿಯ ಕೆನಿಲ್‌ವರ್ತ್‌ನಂಥ ಪುಟ್ಟ, ಸಿರಿವಂತ ಊರಿನಲ್ಲಿ ಬದುಕು ಹೇಗಿರುತ್ತದೆ?

ಮಿಷಿಗನ್ ಸರೋವರದ ದಂಡೆಯಲ್ಲಿ ಜೋಸೆಫ್ ಸಿಯರ್ಸ್ ಎಂಬ ಉದ್ಯಮಿ 1889ರಲ್ಲಿ ಜಮೀನು ಕೊಂಡು ಯೋಜಿಸಿ ಕಟ್ಟಿಸಿದ ಈ ಊರಿನಲ್ಲಿ ಇರುವವರು ಸುಮಾರು 2,500 ಮಂದಿ. ಆದರೂ ಅದಕ್ಕೆ ತನ್ನದೇ ಚುನಾಯಿತ ಆಡಳಿತ ಮಂಡಳಿಯೂ ಪೊಲೀಸ್ ವಿಭಾಗವೂ ಇವೆ. ಅಂಗಡಿಗಳು ಕಡಿಮೆ, ನಗರಕ್ಕೆ ರೈಲು ಉಂಟು. ಈ ಊರಿರುವ ಇಲಿನಾಯ್ಸ್ ರಾಜ್ಯದಲ್ಲಿ ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದಲೇ ಬರುವುದರಿಂದ, ದುಬಾರಿ ಮನೆಗಳಿರುವ ಊರಿನ ಶಾಲೆಗೆ ಹಣ ಸುಲಭವಾಗಿ ಒದಗುತ್ತದೆ. ಆ ಶಾಲೆಯನ್ನು ನೆಚ್ಚಿ ಬರುವವರಿಂದ ಮನೆಗಳ ಬೆಲೆ ಇನ್ನಷ್ಟು ಏರುತ್ತದೆ. ನನ್ನ ದೃಷ್ಟಿಯಲ್ಲಿ, ಅಲ್ಲಿ ಮನೆ ಕೊಳ್ಳುವವರು ಬಹುಮಟ್ಟಿಗೆ ಶಾಲೆಗೇ ಬೆಲೆ ತೆರುತ್ತಾರೆ. ಮಕ್ಕಳ ಓದು ಮುಗಿದ ಮೇಲೂ (ಇದನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ) ಆ ತೆರಿಗೆಯನ್ನು ವರ್ಷವರ್ಷವೂ ಕಟ್ಟುತ್ತಲೇ ಇರಬೇಕಾಗುತ್ತದೆ.