ಜಿಂಕೆಗೆ ಪೂರಕ ಮೇವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳು ಅಮೆರಿಕದಲ್ಲಿ ಬೇಟೆಗೆಂದು ಜಮೀನು ಗುತ್ತಿಗೆ ಹಿಡಿದಿರುವ ಓದುಗರವು. ಎಲ್ಲವೂ ಅಲ್ಲಿನ ಬಿಳಿಬಾಲದ ಜಿಂಕೆಗೆ ಸಂಬಂಧಿಸಿದವು.

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನಾಲ್ವರು ಸೇರಿ 400 ಎಕರೆ ಗುತ್ತಿಗೆ ಹಿಡಿದಿದ್ದೇವೆ. ಸುಮಾರು 30 ಜಿಂಕೆಗಳಿವೆ. ವರ್ಷವಿಡೀ ಮೆಕ್ಕೆಜೋಳ ಹಾಕಿದರೂ ಗಂಡುಗಳ ಕೊಂಬು ದಪ್ಪವಾಗುತ್ತಿಲ್ಲ. ಪೆಲೆಟ್ (ಒತ್ತಿ ಗುಳಿಗೆ ಮಾಡಿದ) ಹಿಂಡಿಗೆ ಬದಲಾಯಿಸಬೇಕೆ? ಯಾವುದನ್ನು ಕೊಳ್ಳಬೇಕು?

ಬದಲಾಯಿಸಿ. ಮೆಕ್ಕೆಜೋಳದಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಪಿಷ್ಟ, ಪ್ರೋಟೀನು ಶೇ. 8–9 ಮಾತ್ರ. ಚಳಿಗಾಲಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಲು ಅದು ಸಾಕು, ಕೊಂಬು ಕಟ್ಟಲು ಸಾಲದು. ಕೊಂಬು ವಸಂತದಲ್ಲಿ ಮೊಳೆತು ಆಗಸ್ಟ್ ಹೊತ್ತಿಗೆ ಬೆಳೆದು ನಿಲ್ಲುತ್ತದೆ. ಮಖಮಲ್ಲಿನಂಥ ಚರ್ಮದೊಳಗೆ ಅದು ಬೆಳೆಯುತ್ತಿರುವಾಗ ಒಣತೂಕದ ಬಹುಪಾಲು ಪ್ರೋಟೀನೇ. ಅದೇ ತಿಂಗಳುಗಳಲ್ಲಿ ಹೆಣ್ಣುಗಳು ತುಂಬಿದ ಗಬ್ಬದಲ್ಲಿರುತ್ತವೆ, ಆಮೇಲೆ ಮರಿಗೆ ಹಾಲೂಡಿಸುತ್ತವೆ. ಹಾಗಾಗಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಶೇ. 16–20 ಪ್ರೋಟೀನಿನ ಪೆಲೆಟ್ ಕೊಡಿ.

ಕೊಳ್ಳುವಾಗ ಚೀಲಕ್ಕೆ ಹೊಲಿದಿರುವ ಚೀಟಿಯನ್ನು ಓದಿ. ಪ್ರೋಟೀನು ಸೋಯಾ, ಕುದುರೆ ಮಸಾಲೆ ಸೊಪ್ಪಿನಂಥ ಸಸ್ಯಮೂಲದಿಂದ ಬಂದಿರಬೇಕು. ಯೂರಿಯಾ ಸೇರಿಸಿ ಅಂಕಿ ಏರಿಸಿದ ಹಿಂಡಿ ಬೇಡ. ಕ್ಯಾಲ್ಸಿಯಂ ರಂಜಕದ ಸುಮಾರು ಎರಡರಷ್ಟಿದ್ದರೆ ಒಳ್ಳೆಯದು. ದನದ ಹಿಂಡಿ ಅಗ್ಗವೆಂದು ತರುವವರು ಅದರಲ್ಲಿ ಮೊನೆನ್ಸಿನ್ ಎಂಬ, ದನದ ಮೇವಿಗೆ ಬೆರೆಸುವ ಔಷಧ ಇದೆಯೇ ನೋಡಿಕೊಳ್ಳಿ: ಪಕ್ಕದವರ ಕುದುರೆ ಬಂದು ತಿಂದರೆ ಪ್ರಾಣಕ್ಕೇ ಎರವಾಗುತ್ತದೆ. ಇನ್ನು ಒಂದು ಹಿಡಿ ಪೆಲೆಟ್ ಅಂಗೈಯಲ್ಲಿ ಉಜ್ಜಿ ನೋಡಿ. ಪುಡಿ ಹೆಚ್ಚು ಉದುರಿದರೆ ಆ ಚೀಲ ಬಿಡಿ. ಜಿಂಕೆ ಪುಡಿಯನ್ನು ಮುಟ್ಟುವುದಿಲ್ಲ. ಅದು ಫೀಡರ್‌ನ (ಮೇವು ತುಂಬಿಡುವ ಡಬ್ಬಿಯ) ಕೊಳವೆಯ ತಳದಲ್ಲಿ ಕೂತು, ಇಬ್ಬನಿ ಹೀರಿ, ಗಾರೆಯಂತೆ ಗಟ್ಟಿಯಾಗಿ ಮೇಲಿನದನ್ನೂ ತಡೆಹಿಡಿಯುತ್ತದೆ.

ಒಂದೇ ದಿನದಲ್ಲಿ ಬದಲಾಯಿಸಬೇಡಿ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಮೇವನ್ನು ಅರಗಿಸುವುದು ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು. ಹೊಸ ಮೇವಿಗೆ ಅವು ಹೊಂದಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಮೂರು ಪಾಲು ಮೆಕ್ಕೆಜೋಳಕ್ಕೆ ಒಂದು ಪಾಲು ಪೆಲೆಟ್, ಎರಡನೇ ವಾರ ಸಮಸಮ, ಮೂರನೇ ವಾರ ಒಂದಕ್ಕೆ ಮೂರು, ಆಮೇಲೆ ಪೂರ್ತಿ ಪೆಲೆಟ್.

ಲೆಕ್ಕ ಹೀಗೆ: ತಲೆಗೆ ದಿನಕ್ಕೆ ಮುಕ್ಕಾಲು ಕಿಲೋದಷ್ಟು ಹಿಡಿದರೆ 30 ಜಿಂಕೆಗೆ 22 ಕಿಲೋ, ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು 50 ಪೌಂಡಿನ ಚೀಲ. ಏಳು ತಿಂಗಳಿಗೆ ನಾಲ್ಕೂವರೆ ಟನ್ನಿನ ಮೇಲಾಗುತ್ತದೆ. ಹಣ ಅಷ್ಟಕ್ಕಾಗದಿದ್ದರೆ ಶುರು ಮಾಡಬೇಡಿ. ಎರಡು ವಾರ ತುಂಬಿಸಿ ಒಂದು ವಾರ ಖಾಲಿ ಬಿಟ್ಟರೆ, ಮತ್ತೆ ತುಂಬಿಸಿದ ದಿನ ಹಸಿದವು ಮಿತಿಮೀರಿ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತವೆ. ನಿಮ್ಮ ಜಮೀನಿಗೆ ಮೂರು ಫೀಡರ್ ಬೇಕು. ಒಂದೇ ಇದ್ದರೆ ಬಲಿತ ಗಂಡುಗಳು ಹೆಣ್ಣು, ಮರಿಗಳನ್ನು ಹತ್ತಿರ ಸೇರಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ವಯಸ್ಸು ಆಗಲೇಬೇಕು. ಕೊಂಬು ತನ್ನ ಪೂರ್ಣ ಗಾತ್ರ ಕಾಣುವುದು ಐದರಿಂದ ಏಳನೇ ವರ್ಷದಲ್ಲಿ. ಎರಡೂವರೆ ವರ್ಷದ ಗಂಡನ್ನೇ ಹೊಡೆಯುತ್ತಿದ್ದರೆ ಹಿಂಡಿಗೆ ಸುರಿದ ದುಡ್ಡು ದಂಡ.

ಪ್ರಶ್ನೆ: ಪೆಲೆಟ್‌ನಲ್ಲಿ ಅರ್ಧ ಕಾಡುಹಂದಿ, ರಕೂನ್‌ಗಳ ಪಾಲಾಗುತ್ತಿದೆ. ಹತ್ತಿಬೀಜ ಹಾಕಿದರೆ ಅವು ಬರುವುದಿಲ್ಲವಂತೆ, ನಿಜವೆ?

ಬಹುಮಟ್ಟಿಗೆ ನಿಜ. ಎಣ್ಣೆ ತೆಗೆಯದ ಇಡೀ ಹತ್ತಿಬೀಜವನ್ನು ಹಂದಿ, ರಕೂನ್ ಇಷ್ಟಪಡುವುದಿಲ್ಲ. ಪ್ರೋಟೀನು ಶೇ. 23ರ ಆಸುಪಾಸು, ಕೊಬ್ಬು ಶೇ. 20ರ ಹತ್ತಿರ. ಆದರೆ ಬೀಜದ ಮೇಲಿನ ನಾರು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಕೊಳವೆ ಫೀಡರ್‌ನಲ್ಲಿ ಅದು ಇಳಿಯದು. ತಂತಿ ಜಾಲರಿಯನ್ನು ಸಿಲಿಂಡರಿನಂತೆ ಸುತ್ತಿ ನಿಲ್ಲಿಸಿ, ಒಳಗೆ ಬೀಜ ತುಂಬಿ, ಮೇಲೆ ಮಳೆ ಬೀಳದಂತೆ ಮುಚ್ಚಿ. ಜಿಂಕೆ ಜಾಲರಿಗೆ ಮೂತಿಯಿಟ್ಟು ಒಂದೊಂದೇ ಬೀಜವನ್ನು ತುಟಿಯಿಂದ ಎಳೆದು ತಿನ್ನುತ್ತದೆ. ರುಚಿ ಹತ್ತಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿವರೆಗೆ ಸ್ವಲ್ಪ ಪೆಲೆಟ್ ಬೆರೆಸಿ.

ಹತ್ತಿಬೀಜವೊಂದನ್ನೇ ನೆಚ್ಚಿಕೊಳ್ಳಬೇಡಿ. ಕೊಬ್ಬು ಹೆಚ್ಚಾದರೆ ನಾರು ಅರಗುವುದು ಕುಂಠಿತವಾಗುತ್ತದೆ. ಅದರಲ್ಲಿರುವ ಗಾಸಿಪಾಲ್ ಎಂಬ ವಿಷಾಂಶ ಗಂಡಿನ ಫಲವಂತಿಕೆಯನ್ನು ತಗ್ಗಿಸಬಲ್ಲದು, ಆದ್ದರಿಂದ ಬೆದೆಯ ಕಾಲಕ್ಕೆ ಮುಂಚೆಯೇ ನಿಲ್ಲಿಸಿ.

ಪೆಲೆಟ್ಟೇ ಬೇಕೆಂದರೆ ಫೀಡರ್ ಸುತ್ತ 28 ಇಂಚು ಎತ್ತರದ ಗಟ್ಟಿ ತಂತಿ ಪ್ಯಾನೆಲ್ ಬೇಲಿ ಹಾಕಿ. ಹೆಚ್ಚಿನ ಹಂದಿಗಳು ಅದನ್ನು ದಾಟಲಾರವು, ಜಿಂಕೆ ಸಲೀಸಾಗಿ ಹಾರುತ್ತದೆ. ಒಳಗೆ ಇಳಿದು ತಿರುಗಲು ಜಾಗ ಬಿಡಿ. ಇಕ್ಕಟ್ಟಾದರೆ ಹೆದರಿ ಒಳಗೇ ಬರುವುದಿಲ್ಲ. ಬೇಲಿಯನ್ನು ನೆಲಕ್ಕೆ ಬಿಗಿಯಾಗಿ ಕಟ್ಟಿ, ಸಂದಿಯಿದ್ದರೆ ಹಂದಿ ಮೂತಿಯಿಂದ ಎತ್ತಿಬಿಡುತ್ತದೆ. ರಕೂನ್ ಮಾತ್ರ ಯಾವ ಬೇಲಿಯನ್ನೂ ಹತ್ತುತ್ತದೆ.

ಪ್ರಶ್ನೆ: ನಮ್ಮದು ಹಿಮ ಬೀಳುವ ಉತ್ತರದ ಕಡೆ. ಜನವರಿಯಲ್ಲಿ ಬಡಕಲಾದ ಜಿಂಕೆಗಳನ್ನು ನೋಡಲಾಗದೆ ಮೆಕ್ಕೆಜೋಳ, ಒಣಹುಲ್ಲು ಹಾಕೋಣವೆಂದಿದ್ದೇವೆ.

ದಯವಿಟ್ಟು ಬೇಡ. ಚಳಿಗಾಲದ ನಡುವೆ ಅವುಗಳ ಹೊಟ್ಟೆಯಲ್ಲಿರುವುದು ಕಡ್ಡಿ, ಮೊಗ್ಗು ಅರಗಿಸುವ ಜೀವಿಗಳು. ಒಮ್ಮೆಲೇ ಜೋಳ ಸುರಿದರೆ ಪಿಷ್ಟ ಹುಳಿತು ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಹೊಟ್ಟೆಯ ಒಳಪದರ ಸುಟ್ಟಂತಾಗುತ್ತದೆ, ರಕ್ತದ ನೀರಿನಂಶವೆಲ್ಲ ಹೊಟ್ಟೆಗೆ ಎಳೆದುಕೊಂಡು ಒಂದೆರಡು ದಿನದಲ್ಲೇ ಸಾವು. ಹೊಟ್ಟೆ ಕೊಯ್ದು ನೋಡಿದರೆ ಜೋಳ ಭರ್ತಿ ಇರುತ್ತದೆ. ಒರಟು ಒಣಹುಲ್ಲಂತೂ ಅರಗುವುದೇ ಇಲ್ಲ. ಹೊಟ್ಟೆ ತುಂಬಿಯೂ ಹಸಿವಿನಿಂದ ಸಾಯುತ್ತವೆ.

ಮಾಡಬಹುದಾದದ್ದು ಬೇರೆ ಇದೆ. ಜಮೀನಿನಲ್ಲಿ ಕಡಿಯಬೇಕಾದ ಮರಗಳಿದ್ದರೆ ಚಳಿಗಾಲದಲ್ಲೇ ಕಡಿದು ತುದಿಗಳನ್ನು ಅಲ್ಲೇ ಬಿಡಿ. ಮೇಪಲ್‌ನಂಥ ಮರದ ಎಳೆ ಕಡ್ಡಿ, ಮೊಗ್ಗುಗಳು ಬಾಯಿಗೆ ಎಟಕುತ್ತವೆ. ಅದು ಅವುಗಳ ಹೊಟ್ಟೆಗೆ ಆಗಲೇ ರೂಢಿಯಾದ ಮೇವು.

ಪ್ರಶ್ನೆ: ಹೋದ ವರ್ಷದ ಮೆಕ್ಕೆಜೋಳ ಉಳಿದಿದೆ, ಸ್ವಲ್ಪ ಬೂಷ್ಟು ವಾಸನೆ. ಕಾಡುಪ್ರಾಣಿಗೆ ನಡೆಯುತ್ತದಲ್ಲವೆ?

ನಡೆಯುವುದಿಲ್ಲ. ಆಸ್ಪರ್ಜಿಲಸ್ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತನ್ನು ಹಾಳುಮಾಡುತ್ತದೆ. ಚೆಲ್ಲಿದ ಕಾಳು ಹೆಕ್ಕಲು ಬರುವ ಕಾಡು ಟರ್ಕಿ, ಕ್ವೇಲ್ ಹಕ್ಕಿಗಳಿಗಂತೂ ಜಿಂಕೆಗಿಂತ ಬೇಗ ತಾಗುತ್ತದೆ. ಕೊಳ್ಳುವಾಗ ಆ ವಿಷ 20 ಪಿಪಿಬಿ (ನೂರು ಕೋಟಿ ಪಾಲಿಗೆ 20 ಪಾಲು) ಮೀರಿಲ್ಲವೆಂದು ಪರೀಕ್ಷೆಯಾದ ಜೋಳವನ್ನೇ ಕೇಳಿ. ಕಣ್ಣಿಗೆ ಬೂಷ್ಟು ಕಾಣಲಿಲ್ಲವೆಂದ ಮಾತ್ರಕ್ಕೆ ವಿಷವಿಲ್ಲ ಎನ್ನಲಾಗದು. ಉಳಿದದ್ದನ್ನು ಗುಂಡಿ ತೆಗೆದು ಹೂತುಬಿಡಿ.

ಪ್ರಶ್ನೆ: ಜಿಂಕೆಗೆ ಮೇವು ಹಾಕುವುದನ್ನು ಕೆಲವು ರಾಜ್ಯಗಳು ಏಕೆ ನಿಷೇಧಿಸಿವೆ?

ಮುಖ್ಯ ಕಾರಣ ಸಿ.ಡಬ್ಲ್ಯು.ಡಿ. (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಮಿದುಳಿನ ರೋಗ. 1967ರಲ್ಲಿ ಕೊಲರಾಡೊದಲ್ಲಿ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡಿತು, ಟೆಕ್ಸಾಸ್‌ನಲ್ಲಿ 2012ರಲ್ಲಿ. ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಇದಕ್ಕೆ ಮೂಲ. ಜೊಲ್ಲು, ಮೂತ್ರ, ಹಿಕ್ಕೆಯಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಔಷಧವಿಲ್ಲ, ಲಸಿಕೆಯಿಲ್ಲ. ಹತ್ತಾರು ಜಿಂಕೆ ಒಂದೇ ಜಾಗಕ್ಕೆ ಮೂತಿಯಿಟ್ಟರೆ ಹರಡಲು ಅದಕ್ಕಿಂತ ಸುಲಭ ದಾರಿಯಿಲ್ಲ. ನಿಯಮ ರಾಜ್ಯಕ್ಕೊಂದು, ಕೆಲವೆಡೆ ಕೌಂಟಿಗೊಂದು. ಚೀಲ ಕೊಳ್ಳುವ ಮುನ್ನ ರಾಜ್ಯದ ವನ್ಯಜೀವಿ ಇಲಾಖೆಯ ಈ ವರ್ಷದ ನಿಯಮ ನೋಡಿ. ಅದೇ ಜಮೀನಿನಲ್ಲಿ ಡವ್ ಹಕ್ಕಿ ಬೇಟೆಯೂ ಇದ್ದರೆ ಎಚ್ಚರ: ಕೇಂದ್ರ ಕಾನೂನಿನ ಪ್ರಕಾರ ಚೆಲ್ಲಿದ ಜೋಳವನ್ನು ಪೂರ್ತಿ ತೆಗೆದ ಮೇಲೂ 10 ದಿನ ಆ ಜಾಗ ಆಮಿಷ ಹಾಕಿದ ಜಾಗವೇ, ಅಲ್ಲಿ ಡವ್ ಹೊಡೆಯುವಂತಿಲ್ಲ.

ಪ್ರಶ್ನೆ: ಖನಿಜ ಇಟ್ಟಿಗೆ ಇಟ್ಟರೆ ಕೊಂಬು ಬೆಳೆಯುತ್ತದೆಯೆ?

ಜಿಂಕೆ ಅದನ್ನು ನೆಕ್ಕುವುದು ಉಪ್ಪಿಗಾಗಿ. ವಸಂತದ ಎಳೆಚಿಗುರಿನಲ್ಲಿ ನೀರು, ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಆಗ ಉಪ್ಪಿನ ಹಂಬಲ ಜೋರು. ಹಿಂಡಿಯಲ್ಲಿ ಖನಿಜ ಸರಿಯಾಗಿದ್ದರೆ ಇಟ್ಟಿಗೆಗೆಂದು ಬೇರೆ ಖರ್ಚು ಬೇಡ. ಒಂದೇ ಜಾಗವನ್ನು ಎಲ್ಲವೂ ನೆಕ್ಕುವುದರಿಂದ ರೋಗದ ಭಯ ಇಲ್ಲೂ ಇದೆ.